ಸವಾರಿ ಕಲಿಯಲು ಹೋಗಿ ಲದ್ದಿ ಎಣಿಸಿದ್ದು

ಮೊದಲ ದಿನ ನನ್ನನ್ನು ಕುದುರೆಯ ಹತ್ತಿರ ಬಿಡಲೇ ಇಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದರು.

"78," ಅಂದಳು ಕೋಚ್ ಹುಡುಗಿ. ನನ್ನ ಮಗಳಿಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು. ಮೊಬೈಲಿನಲ್ಲಿ ಏನೋ ಲೆಕ್ಕ ಹಾಕಿದಳು. "ಜೀನು, ಹೆಲ್ಮೆಟ್ಟು, ಬೂಟು ಎಲ್ಲ ಸೇರಿ ಇನ್ನೊಂದು 8 ಕೇಜಿ. ಒಟ್ಟು 86. ಬಾಬು 470 ಕೇಜಿ ಇದ್ದಾನೆ. ಅವನ ತೂಕದ ನೂರಕ್ಕೆ 20ರಷ್ಟು ದಾಟಬಾರದು. ಅಂದ್ರೆ 94. ಪಾಸಾದ್ರಿ ಆಂಟಿ."

ಇನ್ನು 9 ಕೇಜಿ ಜಾಸ್ತಿ ಇದ್ದಿದ್ದರೆ ಫೇಲು. ಬ್ಯಾಂಕಿನಲ್ಲಿ ಕೂತು ಕೂತು ಬೆಳೆಸಿದ ಮೈ ಇದು. 50 ವರ್ಷಕ್ಕೆ ಕುದುರೆ ಸವಾರಿ ಕಲೀತೀನಿ ಅಂತ ಹೊರಟಾಗ ಮನೆಯಲ್ಲಿ ಎಲ್ಲರೂ ನನ್ನ ಸೊಂಟದ ಬಗ್ಗೆ ಯೋಚನೆ ಮಾಡಿದ್ದರು. ಕುದುರೆಯ ಸೊಂಟದ ಬಗ್ಗೆ ಮೊದಲು ಯೋಚನೆ ಮಾಡಿದವಳು ಈ ಹುಡುಗಿಯೇ.

ನನಗೆ ಆಗ ನೆನಪಾದದ್ದು ಬಿಜಲಿ, ಚಿಕ್ಕಂದಿನಲ್ಲಿ ನಮ್ಮನ್ನು ಸ್ಕೂಲಿಗೆ ಒಯ್ಯುತ್ತಿದ್ದ ಜಟಕಾ ಕುದುರೆ. ಅವಳನ್ನು ಯಾರೂ ಒಂದು ದಿನವೂ ತೂಗಿದವರಲ್ಲ. ಅವಳು ಎಳೆಯುತ್ತಿದ್ದ ನಮ್ಮನ್ನೂ ತೂಗಿದವರಲ್ಲ.

1982ರಲ್ಲಿ ನಾನು ಮೂರನೇ ಕ್ಲಾಸು. ಮನೆ ಮುನಿರೆಡ್ಡಿಪಾಳ್ಯ. 1918ರಲ್ಲಿ ಹೈಫಾದಲ್ಲಿ ಕುದುರೆ ಮೇಲೆ ಹೋಗಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಇದೆಯಲ್ಲ, ಅದರ ಪಕ್ಕದಲ್ಲೇ ನಮ್ಮ ಜಟಕಾ ಬಂದು ನಿಲ್ಲುತ್ತಿತ್ತು. ಸ್ಮಾರಕ ಅಂತೆಲ್ಲ ನಮಗೆ ಗೊತ್ತಿರಲಿಲ್ಲ. "ಕಂಬದ ಹತ್ರ ಬನ್ನಿ" ಅಂದರೆ ಅಲ್ಲಿಗೆ. ಗಾಡಿಯ ಯಜಮಾನರನ್ನು ಮಕ್ಕಳೆಲ್ಲ ಗಾಡಿ ತಾತ ಅಂತಿದ್ದೆವು. ಬಿಳಿ ಗಡ್ಡ, ಮೊಣಕೈವರೆಗೆ ಮಡಚಿದ ಶರ್ಟು, ಸದಾ ಬೀಡಿ ಮತ್ತು ಹುಲ್ಲಿನ ವಾಸನೆ. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಗೋಣಿತಾಟು. ಅದರ ಮೇಲೆ ಎಂಟು ಮಕ್ಕಳು, ಎಂಟು ಚೀಲ, ಎಂಟು ಟಿಫನ್ ಡಬ್ಬಿ. ಹಿಂದೆ ಕೂತವರ ಕಾಲು ಹೊರಗೆ. ಮಕ್ಕಳೆಲ್ಲ ಹಿಂದಕ್ಕೆ ಸರಿದರೆ ಗಾಡಿ ಹಿಂದಕ್ಕೆ ವಾಲುತ್ತಿತ್ತು, ಮೂಕಿ ಮೇಲೇಳುತ್ತಿತ್ತು. "ಮುಂದೆ ಬನ್ರೋ ಮುಂದೆ ಬನ್ರೋ" ಅಂತ ತಾತ ಕೂಗಿದ್ದೇ ಕೂಗಿದ್ದು.

ಗಾಡಿ ಎಳೆಯುವ ಪ್ರಾಣಿಗಳಿಗೆ ಅಂತಲೇ 1965ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತ್ತು ಅನ್ನುವುದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ಗಾಡಿ ಹೊಡೆಯುವವನನ್ನು ಬಿಟ್ಟು ನಾಲ್ಕು ಜನಕ್ಕಿಂತ ಜಾಸ್ತಿ ಕೂರಿಸುವಂತಿಲ್ಲ. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರ ತನಕ ಗಾಡಿ ಕಟ್ಟುವಂತಿಲ್ಲ. 6 ವರ್ಷದೊಳಗಿನ ಮಕ್ಕಳು ಮಾತ್ರ ಲೆಕ್ಕಕ್ಕಿಲ್ಲ. ನಾನು ಎಂಟು ವರ್ಷದವಳು. ಅಂದರೆ ನಾನೇ ಒಂದು ಕಾನೂನುಬಾಹಿರ ಭಾರ ಆಗಿದ್ದೆ.

ಹಾಗಂತ ಗಾಡಿ ತಾತ ಕೆಟ್ಟವರಾಗಿರಲಿಲ್ಲ. ಚಾವಟಿ ಇತ್ತು, ಬಿಜಲಿಯ ಮೈಗೆ ಬಿದ್ದದ್ದು ಕಡಿಮೆ. ಓಡಬೇಕು ಅಂದಾಗ ಚಾವಟಿಯ ಕೋಲನ್ನು ತಿರುಗುವ ಚಕ್ರದ ಅರೆಗಳಿಗೆ ತಾಗಿಸುತ್ತಿದ್ದರು. ಕಟಕಟಕಟ ಅಂತ ಸದ್ದು. ಬಿಜಲಿ ಕಿವಿ ಹಿಂದಕ್ಕೆ ಮಾಡಿ ಓಟ ಕಿತ್ತಳು ಅಂದರೆ ಜಯಮಹಲ್ ರಸ್ತೆಯ ಆಟೋಗಳೂ ಪಕ್ಕಕ್ಕೆ. ನಮಗೆ ಅದೇ ರೋಲರ್ ಕೋಸ್ಟರ್.

ಭಾನುವಾರ ಗಾಡಿ ಕಟ್ಟುತ್ತಿರಲಿಲ್ಲ. ಬಿಜಲಿಗೆ ಸ್ನಾನ. ನಾನು ಅಲ್ಲಿಗೆ ಓಡುತ್ತಿದ್ದೆ. ಸ್ನಾನ ಆದ ಮೇಲೆ ತಾತ ಬಿಜಲಿಯ ಬೆನ್ನಿಗೆ ಗೋಣಿತಾಟು ಮಡಚಿ ಹಾಕಿ, ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸುತ್ತಿದ್ದರು. ಜೀನಿಲ್ಲ, ಕಾಲಿಡಲು ರಿಕಾಬಿಲ್ಲ, ಹೆಲ್ಮೆಟ್ಟಂತೂ ಸ್ಕೂಟರಿಗೇ ಇಲ್ಲದ ಕಾಲ. "ಜೂಲು ಹಿಡ್ಕೋ ಬೇಟಿ. ಮಂಡಿಯಲ್ಲಿ ಒತ್ತು. ಬಿದ್ರೆ ಅಳಬಾರ್ದು." ಇಷ್ಟೇ ಪಾಠ. ಆಟದ ಮೈದಾನದ ಸುತ್ತ ಮೂರು ಸುತ್ತು. ಎರಡು ಸಲ ಬಿದ್ದಿದ್ದೇನೆ. ಅತ್ತಿಲ್ಲ. ಮನೆಯಲ್ಲಿ ಹೇಳಿದ್ದೂ ಇಲ್ಲ.

ಅದನ್ನೇ ನಂಬಿಕೊಂಡು ಹೋದ ವರ್ಷ ನಾನು ಕನಕಪುರ ರಸ್ತೆಯಲ್ಲಿ, ಮೆಟ್ರೋದ ಕೊನೇ ನಿಲ್ದಾಣ ದಾಟಿ ಇನ್ನೂ ಎಷ್ಟೋ ದೂರ ಹೋಗಿ, ಈ ಸವಾರಿ ಶಾಲೆಗೆ ಸೇರಿದ್ದು. "ಚಿಕ್ಕಂದಿನಲ್ಲಿ ಸ್ವಲ್ಪ ಬರ್ತಿತ್ತು" ಅಂತ ಫಾರಂನಲ್ಲಿ ಬರೆದಿದ್ದೆ. ಅದೊಂದು ಸಾಲು ಬರೆಯಬಾರದಿತ್ತು.

ಬಾಬು ಹಿಂದೆ ರೇಸ್ ಕುದುರೆ. ಕಂದು ಮೈ, ಹಣೆಯಲ್ಲಿ ಬಿಳಿ ಚುಕ್ಕೆ, 13 ವರ್ಷ. ಬೀಜ ತೆಗೆಸಿದ ಗಂಡು. ರೇಸಿನಲ್ಲಿ ಓಡುವಾಗ ಇಂಗ್ಲಿಷಿನ ಉದ್ದನೆಯ ಹೆಸರಿತ್ತಂತೆ. ಲಾಯದಲ್ಲಿ ಆ ಹೆಸರು ಯಾರ ನಾಲಿಗೆಗೂ ಹೊರಳದೆ ಬಾಬು ಆದ. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಇಂಥವೇ ಜಾಸ್ತಿ. ರೇಸು ಮುಗಿದ ಮೇಲೆ ಅವಕ್ಕೂ ಒಂದು ನೌಕರಿ ಬೇಕಲ್ಲ.

ಹತ್ತುವುದರಲ್ಲೇ ಮೊದಲ ಪೆಟ್ಟು. ನಾನು ಎಡಗಡೆ ಹೋಗಿ, ರಿಕಾಬಿಗೆ ಕಾಲು ಕೊಟ್ಟು, ಜೀನು ಹಿಡಿದು ಜಗ್ಗಲು ಹೋದೆ. ಹುಡುಗಿ ತಡೆದಳು. ಅಲ್ಲಿ ಮೂರು ಮೆಟ್ಟಿಲಿನ ಮರದ ಪೀಠ ಇತ್ತು. ಅದರ ಮೇಲೆ ನಿಂತು ಹತ್ತಬೇಕು. ನೆಲದಿಂದ ಹತ್ತಿದರೆ ನಮ್ಮ ಭಾರವೆಲ್ಲ ಒಂದೇ ಕಡೆಗೆ ಜಗ್ಗಿ ಕುದುರೆಯ ಬೆನ್ನುಮೂಳೆ ತಿರುಚುತ್ತದೆ, ಜೀನೂ ಸರಿಯುತ್ತದೆ ಅಂದಳು. ನನಗೆ ಸ್ವಲ್ಪ ಅವಮಾನ ಆಯಿತು. ಮುದುಕಿಯರಿಗೆ ಬಸ್ಸಿನಲ್ಲಿ ಮೆಟ್ಟಿಲು ಕೊಟ್ಟ ಹಾಗೆ. ಆಮೇಲೆ ನೋಡಿದರೆ ಹದಿನಾಲ್ಕು ವರ್ಷದ ಹುಡುಗನೂ ಅದರ ಮೇಲಿಂದಲೇ ಹತ್ತಿದ.

ಎರಡನೇ ಪೆಟ್ಟು ಮಂಡಿಯದು. ತಾತ ಹೇಳಿದ್ದು ಮಂಡಿಯಲ್ಲಿ ಒತ್ತು ಅಂತ. 42 ವರ್ಷ ಆದರೂ ನನ್ನ ಮಂಡಿ ಅದನ್ನು ಮರೆತಿರಲಿಲ್ಲ. ಬಾಬು ನಡೆಯಲು ಶುರು ಮಾಡಿದ್ದೇ ತಡ, ಮಂಡಿ ಎರಡೂ ಇಕ್ಕಳದಂತೆ ಬಿಗಿದವು. "ಮಂಡಿ ಬಿಡಿ ಆಂಟಿ! ಹೀಲ್ಸ್ ಡೌನ್!" ಮಂಡಿ ಬಿಗಿದರೆ ಹಿಮ್ಮಡಿ ಮೇಲೇಳುತ್ತದೆ, ಹಿಮ್ಮಡಿ ಎದ್ದರೆ ಮೈ ಮುಂದಕ್ಕೆ ವಾಲುತ್ತದೆ, ಕುದುರೆ ಸಡನ್ನಾಗಿ ನಿಂತರೆ ನೀವು ಅದರ ಕಿವಿಗಳ ನಡುವಿನಿಂದ ಹಾರುತ್ತೀರಿ. ಬಿಜಲಿಯ ಮೇಲಿಂದ ನಾನು ಎರಡು ಸಲ ಬಿದ್ದದ್ದು ಹೀಗೇ ಅಂತ ಆವತ್ತು ಗೊತ್ತಾಯಿತು.

ನಡಿಗೆ ಪರವಾಗಿಲ್ಲ. ಕಷ್ಟ ಇರುವುದು ದುಡುಕಿಯಲ್ಲಿ, ಈಗಿನವರು ಟ್ರಾಟ್ ಅಂತಾರಲ್ಲ, ಅದರಲ್ಲಿ. ಮುಂದಿನ ಎಡಗಾಲು ಹಿಂದಿನ ಬಲಗಾಲು ಒಟ್ಟಿಗೆ, ಮುಂದಿನ ಬಲ ಹಿಂದಿನ ಎಡ ಒಟ್ಟಿಗೆ. ಟಕ್, ಟಕ್, ಎರಡು ಪೆಟ್ಟು. ಸುಮ್ನೆ ಕೂತರೆ ಒಂದೊಂದು ಪೆಟ್ಟಿಗೂ ಜೀನು ನಿಮ್ಮನ್ನು ಎತ್ತಿ ಕುಕ್ಕುತ್ತದೆ. ಅದಕ್ಕೆ ಒಂದು ಪೆಟ್ಟಿಗೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಸಾಲದ್ದಕ್ಕೆ ಕುದುರೆಯ ಹೊರಗಡೆಯ ಭುಜ ಮುಂದೆ ಹೋದಾಗಲೇ ಏಳಬೇಕು. ನಾನು ಏಳುವಾಗ ಬಾಬು ಕೂರಿಸುತ್ತಿದ್ದ, ಕೂರುವಾಗ ಎಬ್ಬಿಸುತ್ತಿದ್ದ. ಮೂರು ವಾರ ಇದೇ ಜಗಳ. ಬ್ಯಾಂಕಿನಲ್ಲಿ ಕುರ್ಚಿಗೆ ದಿಂಬು ಹಾಕಿಕೊಂಡು ಕೂತೆ. ನಾಲ್ಕನೇ ವಾರ ಒಂದು ದಿನ, ಏನೂ ಯೋಚನೆ ಮಾಡದೆ ಇದ್ದಾಗ, ತಾನಾಗಿ ಕೂಡಿ ಬಂತು. ಜಟಕಾದ ಕುಲುಕಾಟಕ್ಕೆ ನಾವೆಲ್ಲ ಒಟ್ಟಿಗೆ ತಲೆ ಆಡಿಸುತ್ತಿದ್ದೆವಲ್ಲ, ಅದೇ ತಾಳ.

ಒಂದು ಸಲ ಬಿದ್ದೆ. ಹೆಲ್ಮೆಟ್ಟು, ಎದೆಗೆ ಕವಚ, ಕೆಳಗೆ ಮರಳು. ಏನೂ ಆಗಲಿಲ್ಲ. ಬೀಳುವುದೂ ಈಗ ಸುಲಭ ಆಗಿದೆ.

ಆ ಹೆಲ್ಮೆಟ್ಟಿನ ವಿಷಯ. ನಾನು ಮೊದಲು ಗೊಣಗಿದ್ದೆ. ಆಗ ಹುಡುಗಿ ಹೇಳಿದಳು, ಡ್ರೆಸಾಜ್, ಅಂದರೆ ಕುದುರೆಯಿಂದ ಅಚ್ಚುಕಟ್ಟಾಗಿ ಹೆಜ್ಜೆ ಹಾಕಿಸುವ ಸ್ಪರ್ಧೆ, ಅದರ ದೊಡ್ಡ ದೊಡ್ಡ ಸವಾರರು ರೇಷ್ಮೆ ಟೋಪಿ ಹಾಕಿಕೊಂಡು ಸ್ಪರ್ಧೆಗೆ ಇಳಿಯುತ್ತಿದ್ದರು, 2021ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದೂ ಹೋಯಿತು, ಹೆಲ್ಮೆಟ್ಟೇ ಕಡ್ಡಾಯ ಅಂತ. ಅವಳ ಕೋಣೆಯ ಗೋಡೆ ಮೇಲೆ ಫುವಾದ್ ಮಿರ್ಜಾ ಅವರ ಫೋಟೋ. ನಮ್ಮ ಬೆಂಗಳೂರಿನ ಹುಡುಗ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಅದಕ್ಕೆ ಮುಂಚೆ ಕುದುರೆ ಸವಾರಿಯಲ್ಲಿ ನಮ್ಮವರೊಬ್ಬರಿಗೆ ಏಷ್ಯನ್ ಗೇಮ್ಸ್‌ನ ವೈಯಕ್ತಿಕ ಪದಕ ಸಿಕ್ಕಿದ್ದು 1982ರಲ್ಲಿ, ದೆಹಲಿಯಲ್ಲಿ. ಆ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ ಗಾಡಿ ತಾತನಿಗೆ ಹೇಳಿದ್ದು ನನಗೆ ನೆನಪಿದೆ. ತಾತ ಕೇಳಿದ್ದು ಒಂದೇ: "ಕುದುರೆಗೆ ಏನು ಕೊಟ್ರಂತೆ?"

ನನಗೆ ಆ ಪ್ರಶ್ನೆಯೇ ಈಚೆಗೆ ಜಾಸ್ತಿ ಕಾಡುತ್ತದೆ. ಯಾಕೆಂದರೆ ಈ ಶಾಲೆಯಲ್ಲಿ ಸವಾರಿ ಕಲಿಯುವವರಲ್ಲಿ ಯಾರೂ ಅದನ್ನು ಕೇಳಿದ್ದನ್ನು ನಾನು ನೋಡಿಲ್ಲ. ಕಾರು ಬರುತ್ತದೆ. ಜೀನು ಹಾಕಿದ ಕುದುರೆ ಸಿದ್ಧವಾಗಿ ನಿಂತಿರುತ್ತದೆ. 45 ನಿಮಿಷ ಸವಾರಿ. ಇಳಿದು, ಕತ್ತಿನ ಮೇಲೆ ಎರಡು ಸಲ ತಟ್ಟಿ, ಒಂದು ಸೆಲ್ಫಿ ತೆಗೆದು, ಲಗಾಮನ್ನು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರ ಕೈಗೆ ಕೊಟ್ಟು ಹೊರಟರು. ಕುದುರೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಗೊತ್ತಿಲ್ಲ. ನಾನೂ ಮೊದಲ ತಿಂಗಳು ಹಾಗೇ ಮಾಡಿದೆ, ಸುಳ್ಳು ಹೇಳಬಾರದು. ಆಮೇಲೆ ಒಂದು ದಿನ ನಾಚಿಕೆ ಆಯಿತು. ತಾತನ ಭಾನುವಾರಗಳಲ್ಲಿ ಮೂರು ಸುತ್ತು ಸವಾರಿಗೆ ಮುಂಚೆ ಎರಡು ಗಂಟೆ ಚಾಕರಿ ಇರುತ್ತಿತ್ತು. ತಿಕ್ಕು, ತೊಳಿ, ಲದ್ದಿ ಬಾಚು. ಚಾಕರಿ ಮಾಡದವರಿಗೆ ಸವಾರಿ ಇಲ್ಲ.

ಬಾಬುವನ್ನು ನೋಡಿಕೊಳ್ಳುವ ಸೈಸ್ ಕುಣಿಗಲ್ ಕಡೆಯವರು. ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಊರು ಅದು. ಅವರ ಮನೆಯಲ್ಲಿ ಮೂರು ತಲೆಮಾರು ಇದೇ ಕೆಲಸ. ನಾನು ಭಾನುವಾರ ಬೆಳಿಗ್ಗೆ ಐದೂವರೆಗೆ ಬರ್ತೀನಿ, ಕೆಲಸ ಕಲಿಸಿ ಅಂದಾಗ ಅವರು ನಂಬಲಿಲ್ಲ.

"ಮೇಡಂ, ಎಲ್ರೂ ಕುದುರೆ ಮೇಲೆ ಇರಕ್ಕೆ ದುಡ್ಡು ಕೊಡ್ತಾರೆ. ನೀವು ಕೆಳಗೆ ಇರಕ್ಕೆ ಬರ್ತೀರಾ?"

ಮೂರನೇ ಭಾನುವಾರದ ಹೊತ್ತಿಗೆ ಮೇಡಂ ಹೋಗಿ ಅಕ್ಕ ಬಂತು.

ಮೊದಲು ಕಲಿಸಿದ್ದು ಗೊರಸು. ಭುಜದಿಂದ ಕೆಳಕ್ಕೆ ಕೈ ಸವರುತ್ತಾ ಹೋಗಬೇಕು. ಕುದುರೆ ತಾನೇ ಕಾಲು ಎತ್ತಿ ಕೊಡುತ್ತದೆ. ಎತ್ತಿದ ಗೊರಸನ್ನು ಅಂಗೈಯಲ್ಲಿ ಹಿಡಿದು, ಕೊಕ್ಕೆಯಿಂದ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೆಯಬೇಕು. ಮಣ್ಣು, ಲದ್ದಿ, ಒಂದೊಂದು ಸಲ ಜಲ್ಲಿಕಲ್ಲು. ನಡುವೆ ಬಾಣದ ತುದಿಯ ಹಾಗೆ ಒಂದು ಮೆತ್ತನೆಯ ಭಾಗ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ರಾಗ್ ಅಂತಾರೆ, ಕಪ್ಪೆ! ಅದು ಗಟ್ಟಿ ರಬ್ಬರಿನ ಹಾಗಿದ್ದರೆ ಸರಿ. ಕಪ್ಪಗೆ ರಸ ಸೋರುತ್ತಾ ವಾಸನೆ ಬಂದರೆ ಕೊಳೆಯುತ್ತಿದೆ ಅಂತ. ಒದ್ದೆಯಲ್ಲಿ ನಿಂತು ನಿಂತು ಬರುವ ಕಾಯಿಲೆ.

ಆ ವಾಸನೆ ನನಗೆ ಗೊತ್ತಿತ್ತು. ನಾನು ಮೂಗಿನ ಹತ್ತಿರ ಒಯ್ದಾಗಲೇ ಗೊತ್ತಾಯಿತು, ಇದು ಬಿಜಲಿಯ ವಾಸನೆ. ಮಳೆಗಾಲ ಪೂರ್ತಿ ಗಾಡಿ ತಾತನ ಲಾಯದಲ್ಲಿ ಇದೇ ವಾಸನೆ. ನಾನು ಅದನ್ನು ಕುದುರೆಯ ವಾಸನೆ ಅಂತಲೇ ತಿಳಿದಿದ್ದೆ. ಕಾಯಿಲೆಯ ವಾಸನೆ ಅಂತ ತಿಳಿಯಲು ಇಷ್ಟು ವರ್ಷ ಬೇಕಾಯಿತು. ತಾತ ಮೈಲುತುತ್ತ ಹಚ್ಚುತ್ತಿದ್ದರು. ಅದು ಈಗಲೂ ಬಳಕೆಯಲ್ಲಿದೆ, ಔಷಧಿ ತಪ್ಪಾಗಿರಲಿಲ್ಲ. ತಪ್ಪಿದ್ದದ್ದು ಜಾಗದಲ್ಲಿ. ಆರಡಿ ಅಗಲದ ತಗಡಿನ ಶೆಡ್ಡು, ನೆಲಕ್ಕೆ ಕಲ್ಲುಚಪ್ಪಡಿ, ನೀರು ಹೋಗಲು ದಾರಿಯಿಲ್ಲ. ಔಷಧಿ ಹಚ್ಚಿ ಮತ್ತೆ ಅದೇ ಗಲೀಜಿನಲ್ಲಿ ನಿಲ್ಲಿಸಿದರೆ? ಬಾಬುವಿಗೆ ಹನ್ನೆರಡಡಿ ಚೌಕದ ಕೋಣೆ, ಕೆಳಗೆ ಮರದ ಹೊಟ್ಟು. ನನ್ನ ಮದುವೆಯಾದ ಹೊಸತರ ಬಾಡಿಗೆ ಮನೆಯ ಅಡುಗೆಮನೆ ಇದಕ್ಕಿಂತ ಚಿಕ್ಕದಿತ್ತು.

ಲಾಳದ ಲೆಕ್ಕವೂ ಬೇರೆ. ಬಿಜಲಿಗೆ ಲಾಳ ಸವೆದು ಟಣ್ ಅಂತ ಬಿದ್ದ ಮೇಲೆಯೇ ಹೊಸದು. ಬಿದ್ದದ್ದಕ್ಕೆ ನಮ್ಮ ನಮ್ಮಲ್ಲಿ ಪೈಪೋಟಿ, ಹೊಸ್ತಿಲಿಗೆ ಹೊಡೆಯಲು. ಇಲ್ಲಿ ಆರು ವಾರಕ್ಕೊಮ್ಮೆ ಲಾಳ ಹೊಡೆಯುವವರು ತಮ್ಮದೇ ವ್ಯಾನಿನಲ್ಲಿ ಬರುತ್ತಾರೆ. ಲಾಳ ಸವೆದಿರಲಿ ಬಿಡಲಿ, ತೆಗೆದು, ಬೆಳೆದ ಗೊರಸು ಕತ್ತರಿಸಿ, ಉಜ್ಜಿ, ಮತ್ತೆ ಹೊಡೆಯುತ್ತಾರೆ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದಲ್ಲ, ಲಾಳ ಗಟ್ಟಿಯಾಗಿದ್ದರೂ ಕಾಲಿನ ಕೋನ ಕೆಡುತ್ತದೆ. ನಾನು ಹಳೇ ಲಾಳ ಒಂದು ಕೇಳಿ ತಂದೆ. ಅಪಾರ್ಟ್‌ಮೆಂಟಿನ ಬಾಗಿಲಿಗೆ ಮೊಳೆ ಹೊಡೆಯಬಾರದಂತೆ. ಫ್ರಿಜ್ ಮೇಲೆ ಇಟ್ಟಿದ್ದೇನೆ.

ಒಂದು ವಿಷಯದಲ್ಲಿ ನಾನು ಸೈಸ್ ಅಣ್ಣನ ಜೊತೆ ಸೇರಿ ಹುಡುಗಿಯ ಮೇಲೆ ಜಗಳಕ್ಕೆ ಹೋದೆ. ಏಪ್ರಿಲ್ ಬಿಸಿಲು. ಬಾಬು ಕ್ಲಾಸು ಮುಗಿಸಿ ಬಂದಿದ್ದ, ಮೈಯೆಲ್ಲ ಬೆವರು, ಮೂಗಿನ ಹೊಳ್ಳೆ ಅರಳಿ ಉಸಿರು ಬಿಡುತ್ತಿದ್ದ. ಹುಡುಗಿ ಪೈಪು ತಗೊಂಡು ಸೀದಾ ತಣ್ಣೀರು ಬಿಟ್ಟಳು. ನನಗೆ ಜೀವ ಹೋದ ಹಾಗಾಯಿತು. ಗಾಡಿ ತಾತನ ಮೊದಲನೇ ಕಾನೂನೇ ಅದು: ಬಿಸಿ ಮೈಗೆ ತಣ್ಣೀರು ಬಿದ್ದರೆ ಸೊಂಟ ಹಿಡಿಯುತ್ತದೆ, ಬಿಸಿ ಹೊಟ್ಟೆಗೆ ತಣ್ಣೀರು ಬಿದ್ದರೆ ಹೊಟ್ಟೆನೋವು. ಅರ್ಧ ಗಂಟೆ ನಡೆಸಿ, ಮೈ ಆರಿದ ಮೇಲೆಯೇ ನೀರು. ಕುಣಿಗಲ್ ಅಣ್ಣನ ಅಜ್ಜ ಹೇಳಿದ್ದೂ ಅದನ್ನೇ.

ಹುಡುಗಿ ನೀರು ನಿಲ್ಲಿಸಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೆಕೆಯಲ್ಲಿ ಆಗಿದ್ದರಿಂದ ಕುದುರೆಗಳನ್ನು ತಣ್ಣಗೆ ಮಾಡುವುದು ಹೇಗೆ ಅಂತ ಪಶುವೈದ್ಯರು ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದರಂತೆ. ತಣ್ಣೀರು ಹುಯ್ದದ್ದಕ್ಕೆ ಸ್ನಾಯು ಹಿಡಿಯಲಿಲ್ಲ, ಮೈಬಿಸಿ ಬೇಗ ಇಳಿಯಿತು. ಈಗ ದೊಡ್ಡ ಸ್ಪರ್ಧೆಗಳಲ್ಲೆಲ್ಲ ಐಸ್ ನೀರನ್ನೇ ಹುಯ್ಯುತ್ತಾರೆ. ಕುಡಿಯಲೂ ಕೊಡುತ್ತಾರೆ. ನಾನು ಬಾಯಿ ಮುಚ್ಚಿಕೊಂಡೆ, ಮನಸ್ಸು ಒಪ್ಪಲಿಲ್ಲ. ಮಾರನೇ ದಿನ ಬಾಬುವಿನ ಸೊಂಟ ನೋಡಲು ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಚೆನ್ನಾಗಿಯೇ ಇದ್ದ. ಸೈಸ್ ಅಣ್ಣನೂ ಬೆಳಿಗ್ಗೆ ಬೇಗ ಎದ್ದು ನೋಡಿದ್ದರಂತೆ.

ಮೇವಿನಲ್ಲೂ ಹೀಗೇ ಉಲ್ಟಾ. ಬಿಜಲಿಗೆ ಬೆಳಿಗ್ಗೆ ಒಂದಷ್ಟು, ರಾತ್ರಿ ಒಂದಷ್ಟು. ಮಧ್ಯೆ ಕೆಲಸ ಇರುವಾಗ ಹೊಟ್ಟೆ ಖಾಲಿ ಇರಬೇಕು ಅನ್ನುವ ನಂಬಿಕೆ. ಸಂಜೆ ತಾತನ ಹೆಂಡತಿ ಒಲೆ ಮೇಲೆ ಹುರುಳಿ ಬೇಯಿಸುತ್ತಿದ್ದರು. ಬೆಂದ ಕಾಳು ಬೂಸಾ ಬೆರೆತು ಬಿಜಲಿಗೆ, ಬಸಿದ ಕಟ್ಟು ಮನೆಯ ಸಾರಿಗೆ. ಆ ಸಾರನ್ನು ನಾನೂ ಉಂಡಿದ್ದೇನೆ, ಅಷ್ಟು ರುಚಿಯ ಹುರುಳಿ ಸಾರು ಆಮೇಲೆ ಎಲ್ಲೂ ಸಿಕ್ಕಿಲ್ಲ. ಈಗ ಹೇಳುವುದು ಏನೆಂದರೆ ಕುದುರೆಯ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು, ಮತ್ತು ಅದರಲ್ಲಿ ಹಗಲು ರಾತ್ರಿ ಆಮ್ಲ ಸುರಿಯುತ್ತಲೇ ಇರುತ್ತದೆ, ತಿನ್ನಲಿ ಬಿಡಲಿ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆ ಆಮ್ಲ ಚಿಮ್ಮಿ ಹುಣ್ಣಾಗುತ್ತದೆ. ಅದಕ್ಕೆ ಇಡೀ ದಿನ ಹುಲ್ಲು ಸ್ವಲ್ಪ ಸ್ವಲ್ಪ ಮುಂದಿರಬೇಕು. ಕ್ಲಾಸಿಗೆ ಮುಂಚೆ ಬಾಬುವಿಗೆ ಎರಡು ಹಿಡಿ ಕುದುರೆ ಮಸಾಲೆ, ಅಂದರೆ ಲೂಸರ್ನ್ ಸೊಪ್ಪು. ಓಟ್ಸು, ಉಪ್ಪಿನ ಗಡ್ಡೆ, ಡಬ್ಬಿಯಲ್ಲಿ ಬಂದ ಪುಡಿಗಳು ಬೇರೆ. ನನ್ನ ಮಾತ್ರೆ ಡಬ್ಬಿಗಿಂತ ಅವನದ್ದು ದೊಡ್ಡದು.

ಕಡಿವಾಣದ ಬಗ್ಗೆ ಬರೆಯಲು ನನಗೆ ಅಷ್ಟು ಇಷ್ಟ ಇಲ್ಲ. ಆದರೂ ಬರೆಯುತ್ತೇನೆ. ಬಾಬುವಿನ ಬಾಯಿಗೆ ಹಾಕುವುದು ನಡುವೆ ಕೀಲಿರುವ ನುಣುಪಾದ ಕಬ್ಬಿಣ. ಚಳಿಗಾಲದಲ್ಲಿ ಸೈಸ್ ಅಣ್ಣ ಅದನ್ನು ಅಂಗೈಯಲ್ಲಿ ಬಿಸಿ ಮಾಡಿ ಹಾಕುತ್ತಾರೆ. ಬಿಜಲಿಯ ಕಡಿವಾಣದಲ್ಲಿ ಸಣ್ಣ ಸಣ್ಣ ಮೊನೆಗಳಿದ್ದವು. ಭಾನುವಾರ ಅದನ್ನು ತೊಳೆಯುವುದು ನನ್ನ ಕೆಲಸ ಆಗಿತ್ತು. ನೊರೆಯಲ್ಲಿ ಒಂದೊಂದು ಸಲ ಕೆಂಪು ಇರುತ್ತಿತ್ತು. ಯಾಕೆ ತಾತ ಅಂತ ಕೇಳಿದ್ದಕ್ಕೆ, "ಬಸ್ಸು ಎದುರಿಗೆ ಬಂದಾಗ ನಿಲ್ಲಬೇಕಲ್ಲ ಬೇಟಿ, ಎಂಟು ಮಕ್ಕಳಿರ್ತೀರಿ" ಅಂದಿದ್ದರು. ಮೊನೆ ಇರುವ ಕಡಿವಾಣವೂ ಅದೇ 1965ರ ನಿಯಮದಲ್ಲಿ ನಿಷಿದ್ಧ. ಬಿಜಲಿಗೆ ಮೊದಲು ಉಣಿಸಿ ಆಮೇಲೆ ತಾನು ಉಣ್ಣುತ್ತಿದ್ದ ಮನುಷ್ಯ ಅವರು. ಎರಡೂ ನಿಜ.

ಜುಲೈಯಲ್ಲಿ ಮಳೆ ಹಿಡಿಯಿತು. ಕೆರೆ ಅಂಗಳದಿಂದ ಹಸಿ ಗರಿಕೆ ತರುವ ಟೆಂಪೋ ಎರಡು ದಿನ ಬರಲಿಲ್ಲ. ಒಣಹುಲ್ಲು ಜಾಸ್ತಿ ಹಾಕಿದರು. ಚಳಿ ಇದ್ದದ್ದರಿಂದ ಕುದುರೆಗಳು ನೀರು ಕುಡಿದದ್ದೂ ಕಡಿಮೆ. ಭಾನುವಾರ ಬೆಳಿಗ್ಗೆ ನಾನು ಹೋದಾಗ ಸೈಸ್ ಅಣ್ಣ ಬಾಬುವಿನ ಕೋಣೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು.

"ಅಕ್ಕ, ರಾತ್ರಿಯಿಂದ ಎರಡೇ ಸಲ ಹಾಕವ್ನೆ."

"ಏನು?"

"ಲದ್ದಿ. ದಿನಾ ರಾತ್ರಿ ಐದಾರು ಗುಡ್ಡೆ ಇರ್ತದೆ. ಇವತ್ತು ಎರಡು. ಅದೂ ಗಟ್ಟಿ."

ಬಾಬು ನೋಡಲು ಚೆನ್ನಾಗಿಯೇ ಇದ್ದ. ಹತ್ತು ನಿಮಿಷ ಕಳೆಯಿತು. ಮುಂಗಾಲಿನಲ್ಲಿ ಹೊಟ್ಟು ಕೆದಕಿದ. ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡ, ಅಲ್ಲಿ ಯಾರೋ ಕರೆದ ಹಾಗೆ. ಆಮೇಲೆ ಮಲಗಲು ಹೋದ. ನನ್ನ ಕಾಲು ತಣ್ಣಗಾಯಿತು. ಬಿಜಲಿಯೂ ಹೀಗೇ ನೋಡಿಕೊಂಡಿದ್ದಳು.

ಆ ಸಲ ತಾತ ಬಿಜಲಿಯ ತಲೆಯನ್ನು ಹಗ್ಗದಿಂದ ಮೇಲಕ್ಕೆತ್ತಿ ಕಟ್ಟಿ, ಓಮ ಇಂಗು ಬೆಲ್ಲ ಕುದಿಸಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹುಯ್ದಿದ್ದರು. ಅರ್ಧ ಒಳಗೆ, ಅರ್ಧ ಹೊರಗೆ. ಬಿಜಲಿ ಕೆಮ್ಮಿದಳು, ಕಣ್ಣಲ್ಲಿ ನೀರು. ಸಂಜೆಗೆ ಹೊಟ್ಟೆ ಸರಿಯಾಯಿತು. ಓಮದ ನೀರಿಗೆ ಹೆಸರು ಬಂತು. ಬಹಳಷ್ಟು ಸಲ ಈ ಹೊಟ್ಟೆನೋವು ತಾನಾಗಿಯೇ ಇಳಿಯುತ್ತದೆ, ಆದರೆ ಗೊಟ್ಟದ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದರೆ ಕುದುರೆ ಉಳಿಯುವುದು ಕಷ್ಟ ಅಂತ ಡಾಕ್ಟರು ಆವತ್ತು ಹೇಳಿದರು. ಬಿಜಲಿ ಆ ಮೇಲೆ ಒಂದು ವಾರ ಕೆಮ್ಮಿದ್ದು ನನಗೆ ನೆನಪಿದೆ. ಗಟ್ಟಿ ಜೀವ, ಉಳಿದುಕೊಂಡಳು.

ಡಾಕ್ಟರು ಬರುವ ತನಕ ಬಾಬುವನ್ನು ನಡೆಸುವ ಕೆಲಸ ನನ್ನದು. ಹೊರಳಾಡಲು ಬಿಡಬೇಡಿ, ಮೇವು ಕೊಡಬೇಡಿ ಅಂತ ಫೋನಿನಲ್ಲೇ ಹೇಳಿದ್ದರು. ಹುಡುಗಿ ಸ್ಟೆತಾಸ್ಕೋಪು ತಂದು ಎಡ ಮೊಣಕೈಯ ಹಿಂದೆ ಇಟ್ಟು ನಾಡಿ ಎಣಿಸಿದಳು. 52. ಸುಮ್ಮನಿರುವ ಕುದುರೆಗೆ 28ರಿಂದ 44 ಇರಬೇಕು. ಸೈಸ್ ಅಣ್ಣ ಸ್ಟೆತಾಸ್ಕೋಪು ಕೇಳಲಿಲ್ಲ. ಬಾಬುವಿನ ಪಕ್ಕೆಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರು. "ಬಲಗಡೆ ಸದ್ದಿಲ್ಲ" ಅಂದರು. ಆಮೇಲೆ ನನ್ನನ್ನೂ ಕೇಳಿಸಿಕೊಳ್ಳಿ ಅಂದರು. ಎಡಗಡೆ ಗುಡುಗುಡು, ದೂರದಲ್ಲಿ ಯಾರೋ ಡ್ರಮ್ಮು ಉರುಳಿಸಿದ ಹಾಗೆ. ಬಲಗಡೆ ಏನೂ ಇಲ್ಲ. ಡಾಕ್ಟರು ಬಂದು ಸ್ಟೆತಾಸ್ಕೋಪು ಇಟ್ಟು ಹೇಳಿದ್ದೂ ಅದನ್ನೇ.

ನೋವಿಗೆ ಇಂಜೆಕ್ಷನ್ ಕೊಟ್ಟರು. ಕೈಗೆ ಉದ್ದನೆಯ ಗ್ಲೌಸು ಹಾಕಿ ಹಿಂದಿನಿಂದ ಪರೀಕ್ಷೆ ಮಾಡಿ, ಮೇವು ಕಟ್ಟಿಕೊಂಡಿದೆ ಅಂದರು. ಆಮೇಲೆ ಒಂದು ಪೈಪು, ನಮ್ಮ ತೋಟದ ಪೈಪಿಗಿಂತ ಸಣ್ಣದು, ಮೂಗಿನಿಂದ ಹೊಟ್ಟೆಗೆ ಇಳಿಸಿದರು. ಒಳಗೆ ಏನನ್ನೂ ಬಿಡುವ ಮುಂಚೆ, ಹೊಟ್ಟೆಯಲ್ಲಿ ತುಂಬಿಕೊಂಡದ್ದು ಏನಾದರೂ ವಾಪಸ್ ಬರುತ್ತದೆಯಾ ಅಂತ ನೋಡಿದರು. ಕುದುರೆಗೆ ವಾಂತಿ ಬರುವುದಿಲ್ಲ. ನಾನು ಅದನ್ನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ತುಂಬಿಕೊಂಡರೆ ಹೊರಗೆ ಹಾಕುವ ದಾರಿಯೇ ಇಲ್ಲ, ಹೊಟ್ಟೆ ಒಡೆದೇ ಹೋಗಬಹುದು. ಏನೂ ಬರಲಿಲ್ಲ. ಆಮೇಲೆ ಬಕೇಟುಗಟ್ಟಲೆ ನೀರು ಆ ಪೈಪಿನಲ್ಲಿ ಹೋಯಿತು. ಬಾಬುವಿನ ತಲೆ ನನ್ನ ಭುಜದ ಮೇಲಿತ್ತು. ಭಾರ ಅಂದರೆ ಭಾರ.

ಆಮೇಲೆ ಕಾಯುವುದು. ಎಂಟು ಗಂಟೆಯ ಕ್ಲಾಸಿಗೆ ಕಾರುಗಳು ಬಂದವು. ಒಬ್ಬರು ಬಂದು, "ಬಾಬು ಇವತ್ತು ರಜೆನಾ? ಬೇರೆ ಕುದುರೆ ಕೊಡ್ತೀರಾ?" ಅಂತ ಕೇಳಿ ಹೋದರು. ಹುಡುಗಿ ಕ್ಲಾಸಿಗೆ ಹೋಗಬೇಕಾಯಿತು. ನಾನೂ ಸೈಸ್ ಅಣ್ಣನೂ ಸರದಿ ಮೇಲೆ ನಡೆಸಿದೆವು. ಹತ್ತು ನಿಮಿಷ ನಡಿಗೆ, ಇಪ್ಪತ್ತು ನಿಮಿಷ ವಿಶ್ರಾಂತಿ. ನಡುವೆ ಅಣ್ಣ ತಮ್ಮ ಮಗನ ಮಾತು ತೆಗೆದರು. ಬಿಡದಿಯಲ್ಲಿ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಗೆ ಸೇರಿದ್ದಾನಂತೆ. ಒಳ್ಳೇದೇ ಆಯ್ತು ಅಂದರು. ಸ್ವಲ್ಪ ಹೊತ್ತು ಬಿಟ್ಟು, ಅವನಿಗೆ ಕಿವಿ ಚೆನ್ನಾಗಿತ್ತು ಅಂದರು.

ಹನ್ನೊಂದೂ ಕಾಲಿಗೆ ಬಾಬು ನಿಂತ. ಬಾಲ ಎತ್ತಿದ. ಮೊದಲು ಗಾಳಿ, ಉದ್ದಕ್ಕೆ, ಶಂಖ ಊದಿದ ಹಾಗೆ. ಆಮೇಲೆ ಪಟಪಟ ಅಂತ ಬಿತ್ತು. ಸೈಸ್ ಅಣ್ಣ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಉಂಡೆ ಕೈಯಲ್ಲೇ ಮುರಿದು ನೋಡಿದರು. "ಮೆತ್ತಗೈತೆ ಅಕ್ಕ," ಅಂದರು. ಅಷ್ಟು ಹೊತ್ತಿನಲ್ಲಿ ಮೊದಲನೇ ಸಲ ನಕ್ಕರು. ನಾನು ಅದರ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮಗಳು ಎರಡು ಚಪ್ಪಾಳೆ ಹಾಕಿದಳು. ಗಂಡನ ಉತ್ತರ ಸ್ವಲ್ಪ ತಡವಾಗಿ ಬಂತು. "ಇದಕ್ಕಾ ತಿಂಗಳು ತಿಂಗಳು ಫೀಸು ಕಟ್ಟಿ ಹೋಗೋದು?"

ಕೈ ತೊಳೆದು ಉತ್ತರ ಬರೆಯೋಣ ಅಂದುಕೊಂಡೆ. ಅಷ್ಟರಲ್ಲಿ ಬಾಬು ಮತ್ತೆ ಬಾಲ ಎತ್ತಿದ.